ಹಕ್ಕಿಯ ಕಾಲದ ಹಾಜರಾತಿ

ಕೆಲ್ಪ್ ಪಾಯಿಂಟ್
22 ಮಾರ್ಚ್ 1991

ಅತ್ತೆಗೆ,

ಸ್ಟಾನ್ ನಾಳೆ ಬೆಳಿಗ್ಗೆ ದೋಣಿ ಬಿಡುತ್ತಾನಂತೆ. ಇದು ತಪ್ಪಿದರೆ ದ್ವೀಪಗಳ ಕಡೆಗೆ ಇನ್ನೊಂದು ದೋಣಿ ಯಾವಾಗಲೋ. ಅದಕ್ಕೇ ಪಾತ್ರೆ ತೊಳೆಯುವುದನ್ನೂ ಬಿಟ್ಟು ಕೂತು ಬರೆಯುತ್ತಿದ್ದೇನೆ. ಹಿಟ್ಟು, ಆಲೂಗಡ್ಡೆ, ಉಪ್ಪಿನ ಚೀಲ, ಹೂಯಾಳ ಉಣ್ಣೆ ಕಾಲುಚೀಲ ಎಲ್ಲ ಕಳಿಸಿದ್ದೇನೆ. ಗಣಿತದ ಪುಸ್ತಕವೂ ಇದೆ. ದಯವಿಟ್ಟು ಅದನ್ನು ಒಲೆಗೆ ಹಾಕಬೇಡಿ. ಹೋದ ವರ್ಷದ ಪುಸ್ತಕದ ಗತಿ ಏನಾಯಿತೆಂದು ಹೂಯಾ ಮನೆಗೆ ಬಂದ ದಿನವೇ ಹೇಳಿದ್ದಾಳೆ.

ಒಂದು ವಿಷಯ ನಿಮಗೆ ಬೇರೆಯವರಿಂದ ತಿಳಿಯುವುದು ಬೇಡ ಎಂದು ನಾನೇ ಹೇಳುತ್ತಿದ್ದೇನೆ. ಶಾಲೆಯ ನಿಯಮಗಳನ್ನು ರಾಜಧಾನಿಯವರು ಮಾಡುವ ಕಾಲ ಹೋಗಿ, ತಾಯಿತಂದೆಯರೇ ಮಂಡಳಿ ಮಾಡಿಕೊಂಡು ಬರೆಯಬೇಕಾದ ಕಾಲ ಬಂದಿದೆಯಲ್ಲ. ಚುನಾವಣೆಗೆ ಬೇರೆ ಯಾರೂ ನಿಲ್ಲದೆ ನಾನು ಆರಿಸಿ ಬಂದ ಕಥೆಯನ್ನು ನೀವು ಊರಿಗೆಲ್ಲ ಹೇಳಿ ನಕ್ಕಿದ್ದೀರಿ. ಈಗ ತಪಾಸಣೆಯವರು ಹಾಜರಾತಿ ನೀತಿ ಎಲ್ಲಿ ಎಂದು ಕೇಳಿದ್ದಾರೆ. ಹೆಡ್‌ಮಾಸ್ಟರ್ ಫಿನ್ಲೇಸನ್ ಕರಡು ಮಾಡಿದ್ದಾರೆ. ಡಾಕ್ಟರ ಚೀಟಿಯಿಲ್ಲದೆ ಎರಡು ವಾರಕ್ಕಿಂತ ಹೆಚ್ಚು ಶಾಲೆ ತಪ್ಪಿಸಿದ ಮಗು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು. ಯಾವ ಕಾರಣಕ್ಕೂ ವಿನಾಯಿತಿಯಿಲ್ಲ.

ಕರಡನ್ನು ಮಕ್ಕಳ ಚೀಲದಲ್ಲಿ ಮನೆಮನೆಗೆ ಕಳಿಸುತ್ತೇವೆ. ಡೂಗಲ್‌ನ ಅಂಗಡಿಯ ಗಾಜಿಗೂ ಅಂಟಿಸುತ್ತೇವೆ. ಏಪ್ರಿಲ್ 18ಕ್ಕೆ ಊರ ಹಾಲ್‌ನಲ್ಲಿ ಸಭೆ, ಅಂದು ಯಾರು ಬೇಕಾದರೂ ಮಾತಾಡಬಹುದು. ಆಕ್ಷೇಪ ಬರದಿದ್ದರೆ ಒಪ್ಪಿಗೆ ಎಂದು ತೆಗೆದುಕೊಳ್ಳುತ್ತೇವೆ.

ಇದು ಪಾಸಾದರೆ ಹೂಯಾ ಮುಂದಿನ ವರ್ಷದಿಂದ ಹಕ್ಕಿ ಹಿಡಿಯಲು ದ್ವೀಪಕ್ಕೆ ಬರಲಾಗುವುದಿಲ್ಲ. ನಿಮಗೆ ಗೊತ್ತಿರಲಿ.

ಅವಳು ಸರಿಯಾಗಿ ಊಟ ಮಾಡುತ್ತಾಳೆಯೇ? ಅಮ್ಮನಿಗೆ ಎರಡು ಸಾಲು ಬರೆಯಲು ಹೇಳಿ.

ಮೊರಾಗ್


ಮೊಟುರೇಯಿ ದ್ವೀಪ
3 ಏಪ್ರಿಲ್ 1991

ಮೊರಾಗ್,

ನಿನ್ನ ಪತ್ರ ಬಂತು. ಆಲೂಗಡ್ಡೆ ಚೆನ್ನಾಗಿವೆ, ಪತ್ರ ಅಷ್ಟು ಚೆನ್ನಾಗಿಲ್ಲ.

ಮೊನ್ನೆಯಿಂದ ಮರಿ ಹಿಡಿಯುವುದು ಶುರುವಾಗಿದೆ. ಈ ವರ್ಷ ಟೀಟೀ ಕಡಲಹಕ್ಕಿಯ ಮರಿಗಳು ದಷ್ಟಪುಷ್ಟವಾಗಿವೆ, ಉಪ್ಪು ಹಾಕಿಟ್ಟರೆ ವರ್ಷವಿಡೀ ತಿನ್ನಬಹುದು. ಹೂಯಾ ನೆಲಕ್ಕೆ ಮೈಚಾಚಿ ಮಲಗಿ ಭುಜದವರೆಗೂ ತೋಳನ್ನು ಬಿಲದೊಳಗೆ ತೂರಿಸುತ್ತಾಳೆ. ನನ್ನ ತೋಳು ಹಿಡಿಸದ ಬಿಲದಲ್ಲಿ ಅವಳದು ಹಿಡಿಸುತ್ತದೆ. ಕೆನ್ನೆಯೆಲ್ಲ ಮಣ್ಣು. ಅವಳ ಅಪ್ಪ ಟಿಯೊನೆ ಹತ್ತು ವರ್ಷದವನಿದ್ದಾಗ ಥೇಟ್ ಹೀಗೇ ಮಲಗುತ್ತಿದ್ದ. ನಾನು ಒಂದು ಗಳಿಗೆ ಕೆಲಸ ಬಿಟ್ಟು ನೋಡುತ್ತ ನಿಂತುಬಿಟ್ಟೆ.

ಈಗ ನಿನ್ನ ಮಂಡಳಿಯ ವಿಷಯಕ್ಕೆ ಬರುತ್ತೇನೆ. ಹಕ್ಕಿ ಹಿಡಿಯುವ ಮನೆಗಳವರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಸಮುದ್ರದಾಚೆ ಬಂದ ಮೇಲೆ, ಹಕ್ಕಿ ಹಿಡಿಯುವುದು ಸರಿಯೋ ತಪ್ಪೋ ಎಂದು ಊರಿನಲ್ಲಿ ಸಭೆ ಕರೆಯುತ್ತೀರಿ. ಚೀಲದಲ್ಲಿ ಕಾಗದ ಕಳಿಸುತ್ತೀರಿ, ಚೀಲ ಹೊರುವ ಮಗು ಇಲ್ಲಿದೆ. ಆಮೇಲೆ ಯಾರೂ ಬರಲಿಲ್ಲ, ಆದ್ದರಿಂದ ಎಲ್ಲರೂ ಒಪ್ಪಿದರು ಎಂದು ಬರೆದುಕೊಳ್ಳುತ್ತೀರಿ. ನನ್ನ ತಮ್ಮ ವಿರೇಮು ಇದನ್ನು ಕೇಳಿ ಎದ್ದು ಹೋಗಿ ಸೌದೆ ಒಡೆದ. ಅವನ ಕೋಪ ನಿನಗೆ ಗೊತ್ತೇ ಇದೆ.

ತಾರೀಕು ಗೊತ್ತುಮಾಡಿದವರು ಯಾರು?

ನಿನಗೆ ಮಗಳು ಮನೆಯಲ್ಲಿರಬೇಕು. ಹಾಗಿದ್ದರೆ ಹಾಗೆಂದು ಮುಖಕ್ಕೆ ಹೇಳು. ನೀತಿ, ಕರಡು, ಒಪ್ಪಿಗೆ ಎಂದು ಸುತ್ತಿ ಬಳಸಿ ಬರಬೇಡ. ಅವಳ ಅಪ್ಪನ ನೆಲದಿಂದ ಅವಳನ್ನು ಕಿತ್ತುಕೊಳ್ಳುವುದಕ್ಕೆ ಇಷ್ಟೊಂದು ಕಾಗದ ಬೇಕೆ?

ಹೂಯಾ ಚೆನ್ನಾಗಿದ್ದಾಳೆ. ಬರೆಯಲು ಅವಳಿಗೆ ಪುರುಸೊತ್ತಿಲ್ಲ.

ರೀಪೆಕಾ


ಕೆಲ್ಪ್ ಪಾಯಿಂಟ್
12 ಏಪ್ರಿಲ್ 1991

ಅತ್ತೆಗೆ,

ತಾರೀಕು ಗೊತ್ತುಮಾಡಿದವಳು ನಾನೇ.

ಶಾಲೆಯ ಕ್ಯಾಲೆಂಡರ್ ಮುಂದಿಟ್ಟುಕೊಂಡು, ಪರೀಕ್ಷೆ ಬಿಟ್ಟು, ಈಸ್ಟರ್ ಬಿಟ್ಟು, ಮೇ ರಜೆ ಬಿಟ್ಟು, ಖಾಲಿ ಗುರುವಾರ ಹುಡುಕಿದೆ. ಹುಡುಕುವಾಗ ಕಿಟಕಿಯ ಹೊರಗೆ ದೋಣಿ ಕಟ್ಟುವ ಜೆಟ್ಟಿ ಕಾಣುತ್ತಿತ್ತು. ಅಲ್ಲಿ ಒಂದು ದೋಣಿಯೂ ಇರಲಿಲ್ಲ. ಆದರೂ ನನಗೆ ಹೊಳೆಯಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಕೆಂದು ನಾನೂ ಹಟ ಮಾಡುವುದಿಲ್ಲ.

ನಿಮ್ಮ ಪತ್ರ ಓದಿದ ಮಧ್ಯಾಹ್ನವೇ ಡೂಗಲ್‌ನ ಅಂಗಡಿಗೆ ಹೋದೆ. ಮಂಡಳಿಗೆ ಅವನೇ ಅಧ್ಯಕ್ಷನಲ್ಲವೇ, ತಾರೀಕು ಮುಂದಕ್ಕೆ ಹಾಕೋಣ ಎಂದೆ. ಬ್ರೆಡ್ಡಿನ ಹಿಂದೆ ನಿಂತುಕೊಂಡೇ ಅವನು ಹೆಡ್‌ಮಾಸ್ಟರಿಗೆ ಫೋನ್ ಮಾಡಿದ. ತಪಾಸಣೆಯವರಿಗೆ ಮಾತು ಕೊಟ್ಟಾಗಿದೆ, ಹಕ್ಕಿಗೋಸ್ಕರ ಸರಕಾರ ಕಾಯುವುದಿಲ್ಲ ಎಂದರಂತೆ ಅವರು. ಕಡೆಗೆ ಇಷ್ಟು ಒಪ್ಪಿಸಿದೆ: ಸಭೆ ಅಂದೇ ನಡೆಯಲಿ, ದ್ವೀಪಗಳಿಂದಲೂ ಅಭಿಪ್ರಾಯ ತರಿಸಬೇಕೋ ಬೇಡವೋ ಎಂಬುದನ್ನು ಅಲ್ಲೇ ಕೇಳೋಣ. ಡೂಗಲ್ ನನ್ನ ಮುಖ ನೋಡಿ, ನಿನಗೇ ಒಳ್ಳೆಯದಾಗುವ ನಿಯಮಕ್ಕೆ ನೀನೇ ಕಲ್ಲು ಹಾಕುತ್ತೀಯಲ್ಲ ಎಂದ.

ನೀವು ಬರೆದ ಇನ್ನೊಂದು ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಮನೆ ಬಹಳ ಸದ್ದಿಲ್ಲದೆ ಇದೆ ಎಂದಷ್ಟೇ ಹೇಳುತ್ತೇನೆ. ಇಬ್ಬರಿಗೆ ಅಡುಗೆ ಮಾಡಿ ಅಭ್ಯಾಸ, ಒಬ್ಬಳಿಗೆ ಎಷ್ಟು ಮಾಡಬೇಕೆಂದು ಇನ್ನೂ ಕೈಗೆ ಗೊತ್ತಾಗಿಲ್ಲ.

ಹೂಯಾಗೆ ನನಗೋಸ್ಕರ ಎರಡು ಸಾಲು ಬರೆಯಲೂ ಪುರುಸೊತ್ತಿಲ್ಲ ಎಂದಿರಿ. ಸಂತೋಷ. ಅಲ್ಲಿ ಅವಳಿಗೆ ಎಲ್ಲ ಇದೆ ಎಂದಾಯಿತು. ಟಾವಾ ಟಾವಾ ಎಂದು ಕರೆಯುತ್ತ ಅಜ್ಜಿಯ ಬೆನ್ನು ಹಿಡಿದು ಓಡಾಡುವವಳಿಗೆ ಅಮ್ಮನ ನೆನಪು ಯಾಕೆ ಬರಬೇಕು?

ಮೊರಾಗ್


19 ಏಪ್ರಿಲ್

ಗಾಳಿ ಜೋರಾಗಿ ಸ್ಟಾನ್ ವಾರದಿಂದ ಹೊರಟಿಲ್ಲ. ಮೇಲಿನ ಪತ್ರ ಇನ್ನೂ ನನ್ನ ಹತ್ತಿರವೇ ಇತ್ತು. ಹರಿದುಹಾಕೋಣ ಎಂದುಕೊಂಡೆ, ಮನಸ್ಸಾಗಲಿಲ್ಲ. ನಿನ್ನೆಯ ಸಭೆಯ ಸುದ್ದಿಯನ್ನೂ ಸೇರಿಸಿ ಕಳಿಸುತ್ತಿದ್ದೇನೆ.

ಊರಿಗಾಗುವಷ್ಟು ಚೀಸ್ ರೋಲ್ ಮಾಡಿಕೊಂಡು ಹೋಗಿದ್ದೆವು. ಬಂದವರು ಮೂರು ಸಾಲು ಕೂಡ ತುಂಬಲಿಲ್ಲ. ಎಲ್ಲ ಮೀನಿನ ಕಾರ್ಖಾನೆಯವರು, ಅಲ್ಯೂಮಿನಿಯಂ ಕಾರ್ಖಾನೆಯವರು. ಕೆಟ್ಟವರಲ್ಲ. ತಮ್ಮ ಮಕ್ಕಳ ತರಗತಿ ಎರಡು ತಿಂಗಳು ಅರ್ಧ ಖಾಲಿಯಾದರೆ ಪಾಠ ನಿಂತುಹೋಗುತ್ತದೆ ಎಂಬುದು ಅವರ ಸಂಕಟ, ಅದೂ ಸುಳ್ಳಲ್ಲ. ಒಬ್ಬಾಕೆ ಎದ್ದು, "ಎರಡು ತಿಂಗ್ಳು ಪುಕ್ಕ ಕಿತ್ಕೊಂಡು ಕೂತ್ರೆ ಭಾಗಾಕಾರ ತಾನಾಗೇ ಬರತ್ತಾ?" ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು, ನಿಮ್ಮ ಒಲೆಯಲ್ಲಿ ಬೂದಿಯಾದ ಗಣಿತ ನೆನೆದು.

ಆಮೇಲೆ ಹೆಡ್‌ಮಾಸ್ಟರ್ ವಿರೋಧ ಯಾರದು ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಸರ್ವಾನುಮತ ಎಂದು ಬರೆಯಲು ಡೂಗಲ್ ಪೆನ್ನು ತೆಗೆದ. ನಾನು ಎದ್ದು ನಿಂತೆ. ನನ್ನ ಧ್ವನಿ ನನಗೇ ಬೇರೆಯವರದ್ದೆನ್ನುವ ಹಾಗೆ ಕೇಳಿಸಿತು.

"ಹಿಂದ್ಗಡೆ ಇರೋ ಖಾಲಿ ಕುರ್ಚಿಗಳೂ ಒಪ್ಕೊಂಡ್ವು ಅಂತ ಬರ್ಕೊಳ್ತೀರಾ ಡೂಗಲ್? ಅಲ್ಲಿ ಕೂರ್ಬೇಕಾದವ್ರು ಎಲ್ಲಿದಾರೆ ಅಂತ ನಮ್ಗೆಲ್ಲಾ ಗೊತ್ತು. ಗೊತ್ತಿದ್ದೂ ಕರೆದಿದೀವಿ. ಕರೆದೋಳು ನಾನು."

 ಪುಕ್ಕದ ಮಾತಾಡಿದಾಕೆಯೇ ಕಡೆಗೆ, ಅವರನ್ನೂ ಕೇಳಿ, ಕೇಳಿದ ಮೇಲೆ ಬೇಕಾದರೆ ಜಗಳ ಆಡೋಣ ಎಂದಳು. ತೀರ್ಮಾನ ಮೇ 16ಕ್ಕೆ ಹೋಯಿತು. ಕರಡಿನ ಪ್ರತಿ ಇದರೊಂದಿಗಿದೆ. ಎಲ್ಲ ದ್ವೀಪಗಳಿಗೂ ಮುಟ್ಟಿಸುವುದು ಹೇಗೆ ಎಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರುತ್ತದೆ.

ಮೊ.


ಮೊಟುರೇಯಿ
4 ಮೇ 1991

ಮೊರಾಗ್,

ಎಲ್ಲ ದ್ವೀಪಗಳಿಗೂ ಮುಟ್ಟಿಸಿದ್ದೇನೆ. ಸಂಜೆ ಹವಾಮಾನ ಕೇಳಲು ಎಲ್ಲರೂ ದ್ವೀಪದಿಂದ ದ್ವೀಪಕ್ಕೆ ಮಾತಾಡುವ ರೇಡಿಯೋ ಮುಂದೆ ಕೂರುತ್ತಾರಲ್ಲ, ಹವಾಮಾನ ಮುಗಿದದ್ದೇ ತಡ ನಾನು ನಿನ್ನ ಕರಡು ಓದಿದೆ. ಕನ್ನಡಕ ಒಡೆದುಹೋಗಿದೆ, ಅರ್ಧ ಹೂಯಾ ಓದಿದಳು. "ಅನಧಿಕೃತ ಗೈರುಹಾಜರಿ" ಎಂಬ ಪದವನ್ನು ಅವಳು ಒಂದೇ ಉಸಿರಿಗೆ ಹೇಳಿದ್ದಕ್ಕೆ ಆಚೆ ದ್ವೀಪದವರೆಲ್ಲ ಶಭಾಷ್ ಎಂದರು.

ಮೊದಲ ಸಂಜೆ ಬರೀ ಬೈಗುಳ. ನಿನ್ನ ಹೆಡ್‌ಮಾಸ್ಟರನ್ನು ಯಾವ ಬಿಲಕ್ಕೆ ತುರುಕಬೇಕು ಎಂಬ ಚರ್ಚೆ, ಅದನ್ನು ಬರೆಯುವುದಿಲ್ಲ. ಎರಡನೆಯ ಸಂಜೆ ಒಬ್ಬ ತಾಯಿ ತನ್ನ ಮಗನನ್ನು ಮುಂದಿನ ವರ್ಷ ಊರಲ್ಲೇ ಬಿಡುತ್ತೇನೆ, ಅವನು ಓದಲಿ ಎಂದಳು. ಅವಳ ಗಂಡ ಅದೇ ರೇಡಿಯೋದಲ್ಲಿ ಅವಳೊಂದಿಗೆ ಜಗಳಕ್ಕೆ ಬಿದ್ದ. ಎಲ್ಲರೂ ಕೇಳಿಸಿಕೊಂಡೆವು, ಹಿತವಾಗಿತ್ತು. ಮೂರನೆಯ ಸಂಜೆ ವಿರೇಮು ಮೈಕು ಕಸಿದುಕೊಂಡ. ಅವನು ರೇಡಿಯೋದಲ್ಲಿ ಗಾಳಿ ಯಾವ ಕಡೆಯಿಂದ ಎಂಬುದರ ಹೊರತು ಬೇರೇನೂ ಹೇಳಿದ್ದು ನಾನು ಕೇಳಿಲ್ಲ.

"ನಾನು ಪ್ರತಿ ವರ್ಷ ಬಂದೆ. ಯಾರೂ ನನ್ನ ಓದ್ಸಲಿಲ್ಲ. ಇವತ್ತಿಗೂ ಬ್ಯಾಂಕಲ್ಲಿ ಕಾಗದ ಕೊಟ್ರೆ ಕನ್ನಡಕ ಮರ್ತೆ ಅಂತೀನಿ. ಹಕ್ಕೀನೂ ಬೇಕು, ಓದೂ ಬೇಕು. ಒಂದು ಸಿಗ್ಬೇಕು ಅಂದ್ರೆ ಇನ್ನೊಂದು ಬಿಡು ಅಂತ ಯಾಕೆ ಹೇಳ್ಬೇಕು ಇವ್ರು?"

ಅಲ್ಲಿಗೆ ಮಾತು ಒಂದು ದಾರಿಗೆ ಬಂತು. ದ್ವೀಪಗಳವರು ಹೇಳಿದ್ದು ಇದು, ನಿನ್ನ ಮಂಡಳಿಗೆ ಓದು. ಹಕ್ಕಿಯ ಕಾಲದಲ್ಲಿ ದ್ವೀಪದಲ್ಲಿರುವ ಮಗುವನ್ನು ಶಾಲೆಯಲ್ಲೇ ಇದ್ದಂತೆ ಹಾಜರಿ ಹಾಕಬೇಕು. ಅದಕ್ಕೆ ಬದಲಾಗಿ ಪ್ರತಿ ದ್ವೀಪದಲ್ಲಿ ಓದುಬರಹ ಬಲ್ಲ ಒಬ್ಬ ದೊಡ್ಡವರು ಬೆಳಿಗ್ಗೆ ಹೊತ್ತು ಮಕ್ಕಳನ್ನು ಕೂರಿಸಿ ಓದಿಸಬೇಕು. ಪಾಠವನ್ನು ಶಾಲೆ ದೋಣಿಯಲ್ಲಿ ಕಳಿಸಬೇಕು. ಓದಿಸುವವರಿಲ್ಲದ ದ್ವೀಪಕ್ಕೆ ಮಕ್ಕಳು ಬರಕೂಡದು. ಈ ಕೊನೆಯ ಮಾತು ನಮ್ಮವರೇ ಸೇರಿಸಿದ್ದು.

ಈಗ ಇನ್ನೊಂದು ಮಾತು. ಇದನ್ನು ಮಂಡಳಿಗೆ ಬರೆದಿಲ್ಲ, ನಿನಗೆ ಬರೆದಿದ್ದೇನೆ.

ಹೂಯಾ ಚೆನ್ನಾಗಿದ್ದಾಳೆ ಎಂದೆ. ಹಗಲೆಲ್ಲ ಚೆನ್ನಾಗಿಯೇ ಇರುತ್ತಾಳೆ. ಮಲಗುವ ಹೊತ್ತಿಗೆ ಗೋಡೆಯ ಕಡೆ ತಿರುಗಿ ಅಳುತ್ತಾಳೆ. ನಿನಗೆ ಬರೆಯಲು ಕೂತಾಗಲೆಲ್ಲ "ಅಮ್ಮ" ಎಂದು ಬರೆದು ಮುಂದಕ್ಕೆ ಹೋಗುವುದಿಲ್ಲ, ಕಾಗದ ಮಡಚಿ ದಿಂಬಿನ ಕೆಳಗಿಡುತ್ತಾಳೆ. ಮೊನ್ನೆ ಪುಕ್ಕ ಕೀಳುತ್ತ ಕೀಳುತ್ತ, "ಟಾವಾ, ಅಮ್ಮ ಯಾಕೆ ಬರಲ್ಲ? ನಾವು ಏನಾದ್ರೂ ಅಂದ್ವಾ?" ಎಂದು ಕೇಳಿದಳು. ನಾನು ಅವಳ ಮುಂದೆ ಇನ್ನೊಂದು ಹಕ್ಕಿ ಇಟ್ಟೆ.

ನಿನಗೆ ಇದನ್ನು ಮುಚ್ಚಿಟ್ಟೆ. ಮಗು ಅಲ್ಲಿ ಅಳುತ್ತದೆ ಎಂದು ನೀನು ಸಭೆಯಲ್ಲಿ ಒಂದು ಮಾತು ಹೇಳಿದರೆ ಎಲ್ಲ ಮುಗಿಯಿತು ಎಂದು ಹೆದರಿದೆ. ಆದರೆ ಖಾಲಿ ಕುರ್ಚಿಗಳ ಪರವಾಗಿ ಎದ್ದು ನಿಂತವಳಿಗೆ ಅರ್ಧ ಸತ್ಯ ಕೊಡಲು ನನಗೆ ನಾಚಿಕೆಯಾಯಿತು. ಈಗ ಅದು ನಿನ್ನ ಕೈಯಲ್ಲಿದೆ. ಏನು ಮಾಡುತ್ತೀಯೋ ಮಾಡು.

ರೀಪೆಕಾ


ಕೆಲ್ಪ್ ಪಾಯಿಂಟ್
17 ಮೇ 1991

ಅತ್ತೆಗೆ,

ಪಾಸಾಯಿತು. ನಿಮ್ಮವರು ಹೇಳಿದ ಹಾಗೆಯೇ ಪಾಸಾಯಿತು, "ಬೆಳಿಗ್ಗೆ ಹೊತ್ತು" ಎಂಬಲ್ಲಿ "ದಿನಕ್ಕೆ ಎರಡು ಗಂಟೆ" ಎಂದು ಹೆಡ್‌ಮಾಸ್ಟರ್ ಸೇರಿಸಿದರು ಅಷ್ಟೆ. ವಿರೇಮು ಮಾವ ಬ್ಯಾಂಕಿನ ಬಗ್ಗೆ ಹೇಳಿದ್ದನ್ನು ಓದಿದಾಗ ಹೆಡ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ತಂದೆಯೂ ಹಾಗೇ ಇದ್ದರಂತೆ, ಆಮೇಲೆ ಟೀ ಕುಡಿಯುವಾಗ ಹೇಳಿದರು.

ಆದರೂ ಕೈ ಎತ್ತುವಾಗ ಮೂರು ಆ ಕಡೆ, ಮೂರು ಈ ಕಡೆ ಆಯಿತು. ಉಳಿದವಳು ನಾನು. ಎಲ್ಲರೂ ನನ್ನ ಕಡೆ ತಿರುಗಿದರು.

ನಿಮ್ಮ ಪತ್ರದ ಕೊನೆಯ ಹಾಳೆ ನನ್ನ ಕೋಟಿನ ಜೇಬಿನಲ್ಲಿತ್ತು. ಅದನ್ನು ತೆಗೆದು ಓದಿದ್ದರೆ ಸಾಕಿತ್ತು. ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ, ಮುಂದಿನ ವರ್ಷ ಹೂಯಾ ಇಲ್ಲೇ, ಈ ಅಡುಗೆಮನೆಯಲ್ಲೇ ಇರುತ್ತಿದ್ದಳು. ನಿಮಗೆ ನಿಜ ಹೇಳಿಬಿಡುತ್ತೇನೆ. ಮಗು ನನಗಾಗಿ ಅಳುತ್ತಾಳೆ ಎಂದು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ಆಮೇಲೆ ಆ ಸಂತೋಷಕ್ಕೆ ನಾಚಿಕೆಯಾಯಿತು. ನೀವು ಮೊದಲ ಪತ್ರದಲ್ಲೇ ಹೇಳಿದ್ದು ಸರಿ, ನನಗೆ ಮಗಳು ಮನೆಯಲ್ಲಿರಬೇಕು. ಟಿಯೊನೆಯ ದೋಣಿ ಮುಳುಗಿದ ಮೇಲೆ ಸಮುದ್ರದ ಕಡೆ ಹೋದವರು ತಿರುಗಿ ಬರುವವರೆಗೂ ನಾನು ಸರಿಯಾಗಿ ಉಸಿರಾಡುವುದಿಲ್ಲ. ಪ್ರತಿ ಮಾರ್ಚ್‌ನಲ್ಲಿ ಅವಳ ಕೋಟಿಗೆ ಗುಂಡಿ ಹಾಕುವಾಗ, ಇವತ್ತು ಗಾಳಿ ಎದ್ದು ದೋಣಿ ನಿಲ್ಲಲಿ ಎಂದು ಬೇಡಿಕೊಳ್ಳುತ್ತೇನೆ.

ಇಷ್ಟೆಲ್ಲ ಇಟ್ಟುಕೊಂಡು ನಿಮ್ಮವರ ನೀತಿಯ ಪರವಾಗಿ ಕೈ ಎತ್ತಿದೆ. ಮಣ್ಣಾದ ಕೆನ್ನೆಯ ಬಗ್ಗೆ ನೀವು ಬರೆದಿದ್ದಿರಲ್ಲ, ಅದನ್ನು ಅವಳಿಂದ ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ.

ಈಗ ನನ್ನದೊಂದು ಪ್ರಶ್ನೆ ಇದೆ. ಓದಿಸುವವರಿಲ್ಲದ ದ್ವೀಪಕ್ಕೆ ಮಕ್ಕಳು ಬರಕೂಡದು ಎಂದು ನಿಮ್ಮವರೇ ಹೇಳಿದ್ದೀರಿ. ಮೊಟುರೇಯಿಯಲ್ಲಿ ಓದಿಸುವವರು ಯಾರು? ಗಣಿತ ಸುಡುವವರನ್ನು ಮಂಡಳಿ ಒಪ್ಪುವುದಿಲ್ಲ.

ನಾನು ಬರಲೇ? ಗಂಡನ ಜೊತೆ ಬಂದವಳು ಗಂಡ ಇಲ್ಲದ ಮೇಲೆ ಕುಟುಂಬದವರು ಒಪ್ಪಿದರೆ ಮಾತ್ರ ಅಲ್ಲಿ ಕಾಲಿಡಬಹುದು ಎಂದು ಗೊತ್ತು. ಈ ಮೂರು ವರ್ಷ ನೀವು ಕರೆಯಲಿಲ್ಲ. ನಾನು ಹೊರಗಿನವಳಾದೆ ಎಂದುಕೊಂಡು ಸುಮ್ಮನಾದೆ. ಹೂಯಾ ಕೇಳಿದ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದೇ.

ಮೊರಾಗ್


ಮೊಟುರೇಯಿ
25 ಮೇ 1991

ಮಗಳೇ,

ನೀನು ಹೊರಗಿನವಳಾದೆ ಎಂದುಕೊಂಡೆಯಾ? ಅವನ ಹೆಸರು ಗೋಡೆಗೋಡೆಯ ಮೇಲೆ ಕೆತ್ತಿರುವ ಈ ಮನೆಗೆ ಬರಲು ನಿನಗೆ ಎದೆ ಬರುವುದಿಲ್ಲ, ಕರೆದು ನೋಯಿಸಬಾರದು ಎಂದು ನಾನು ಸುಮ್ಮನಿದ್ದೆ. ಒಂದೇ ಊರಲ್ಲಿ, ಎರಡು ಬೀದಿ ಆಚೆ ಈಚೆ ಇದ್ದುಕೊಂಡು, ಭಾನುವಾರ ಭಾನುವಾರ ಒಟ್ಟಿಗೆ ಕೂತು ಉಂಡುಕೊಂಡು, ಇಬ್ಬರೂ ಈ ಮಾತು ಎತ್ತಲಿಲ್ಲ. ಇದನ್ನು ಹೇಳಿಕೊಳ್ಳಲು ಸರಕಾರ ತಪಾಸಣೆ ಕಳಿಸಬೇಕಾಯಿತು.

ಕುಟುಂಬದವರನ್ನು ಕೇಳಿದೆ. ಎಲ್ಲರೂ ಹೂಂ ಎಂದರು, ವಿರೇಮು ಸುಮ್ಮನಿದ್ದ. ಸುಮ್ಮನಿದ್ದವನನ್ನು ಒಪ್ಪಿದವನೆಂದು ಬರೆದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ಬೆಳಿಗ್ಗೆ ಟೀ ಕೊಟ್ಟು ಮತ್ತೆ ಕೇಳಿದೆ. "ಮೂರು ವರ್ಷ ಯಾಕೆ ಬರ್ಲಿಲ್ಲ ಅಂತ ಕೋಪ ನಂಗೆ, ಬರ್ತಾಳೆ ಅಂತಲ್ಲ" ಎಂದ. ಆಮೇಲೆ ಲೋಟ ಕೆಳಗಿಟ್ಟು, ದೊಡ್ಡವರಿಗೂ ಓದಿಸುತ್ತಾಳೋ ಕೇಳು ಎಂದ.

ನಾನು ನಿನಗೆ ಇನ್ನೊಂದು ಹೇಳಬೇಕು. ಜನವರಿಯಲ್ಲೇ ಡಾಕ್ಟರು ನನ್ನ ಸೊಂಟದ ಮೂಳೆ ನೋಡಿ, ದ್ವೀಪದ ಬಂಡೆ ಹತ್ತುವುದು ಇನ್ನು ಸಾಕು ಎಂದಿದ್ದರು. ಯಾರಿಗೂ ಹೇಳದೆ ಬಂದೆ. ಈ ಸಲ ನನ್ನನ್ನು ದೋಣಿಯಿಂದ ಬಂಡೆಗೆ ಎತ್ತಿ ಹಾಕಿದ್ದು ವಿರೇಮು. ಮುಂದಿನ ವರ್ಷ ನಾನು ಬರುವುದಿಲ್ಲ. ಹೂಯಾಳೂ ನಿಂತುಹೋದರೆ ಟಿಯೊನೆಯ ಕಡೆಯಿಂದ ಇಲ್ಲಿ ಯಾರೂ ಉಳಿಯುವುದಿಲ್ಲ ಎಂದೇ ನಿನ್ನ ಮೇಲೆ ಅಷ್ಟು ಹಾರಾಡಿದೆ.

ಬಾ. ಅವಳ ಕೈ ಹಿಡಿದುಕೊಂಡು ಬಾ.

ರೀಪೆಕಾ


ಕೆಲ್ಪ್ ಪಾಯಿಂಟ್
10 ಏಪ್ರಿಲ್ 1992

ಮೊರಾಗ್, ಹೂಯಾ, ಇಬ್ಬರಿಗೂ,

ಹಿಟ್ಟು, ಉಪ್ಪು, ಈರುಳ್ಳಿ ಕಳಿಸಿದ್ದೇನೆ. ವಿರೇಮುಗೆ ದೊಡ್ಡ ಅಕ್ಷರದ ಪುಸ್ತಕ ಇದೆ, ಎಲ್ಲರೆದುರು ಕೊಡಬೇಡ. ಸ್ಟಾನ್ ಹೇಳಿದ, ಹೂಯಾ ಹೋದ ವರ್ಷಕ್ಕಿಂತ ಜೋರಾಗಿ ಹಿಡಿಯುತ್ತಿದ್ದಾಳಂತೆ, ನೀನು ಮಳೆಯ ದಿನ ಎಲ್ಲರನ್ನೂ ಕೂರಿಸಿ ಭಾಗಾಕಾರ ಮಾಡಿಸುತ್ತೀಯಂತೆ. ಅಮ್ಮ ಮಗಳು ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ ಎಂದೂ ಹೇಳಿದ. ಅವನಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೋ.

ನಿನ್ನೆ ಮಂಡಳಿಯ ಸಭೆ ಇತ್ತು. ನೀತಿಗೆ ಒಂದು ವರ್ಷವಾಗುತ್ತ ಬಂತು, ಏನಾದರೂ ಬದಲಾಯಿಸಬೇಕೇ ಎಂದು ಊರವರನ್ನು ಕೇಳುತ್ತಾರೆ ಎಂದು ನೀನೇ ಹೋಗುವಾಗ ಹೇಳಿದ್ದೆಯಲ್ಲ. ಸಭೆಯನ್ನು ಜೂನ್‌ಗೆ ಇಡಲು ಅವರು ಈ ಸಲ ತಯಾರಿದ್ದರು. ನಾನೇ, ದ್ವೀಪದವರನ್ನು ಜೂನ್‌ನಲ್ಲಿ ಕೇಳಿ, ಊರಲ್ಲಿ ಉಳಿದವರನ್ನು ಈಗಲೇ ಕೇಳಿ ಎಂದೆ. ಉಳಿದವರೂ ಒಂದು ಸಮುದಾಯವೇ ಎಂದು ನನಗೆ ಗೊತ್ತಾದದ್ದು ಈ ವರ್ಷ.

ಕೋಲೂರಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಹೆಡ್‌ಮಾಸ್ಟರ್, "ರೀಪೆಕಾ ಅವ್ರೇ, ನಿಮ್ಮ ಅಭಿಪ್ರಾಯ?" ಎಂದರು.  ಸಾಕಷ್ಟು ಹೊತ್ತು ನೋಡಿ ಡೂಗಲ್ ಏನೋ ಬರೆಯಲು ಹೊರಟ.

"ಬರ್ಕೋಬೇಡ್ವೋ, ಇನ್ನೂ ಯೋಚ್ನೆ ಮಾಡ್ತಿದೀನಿ. ಮಾರ್ಚಿಂದ ನಮ್ಮ ಬೀದೀಲಿ ಒಂದು ಮಗೂನ ಸದ್ದಿಲ್ಲ. ಹೀಗಿರತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದೆ.

ಯಾರೂ ನಗಲಿಲ್ಲ. ಏನನ್ನೂ ಬದಲಾಯಿಸಬೇಡಿ ಎಂದು ಹೇಳಿ ಮುಗಿಸಿದೆ.

ಬರುವಾಗ ನಿಮ್ಮ ಮನೆಗೆ ಹೋಗಿ ಬೀಗ ತೆಗೆದು ಗಿಡಕ್ಕೆ ನೀರು ಹಾಕಿದೆ. ನಿನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಜೆಟ್ಟಿ ಪೂರ್ತಿ ಕಾಣುತ್ತದೆ. ನಾನು ಆ ಕಿಟಕಿಯಲ್ಲಿ ಎಂದೂ ನಿಂತಿರಲಿಲ್ಲ. ಮೂರು ವರ್ಷ ನಿನ್ನ ಮಗಳನ್ನು ಕರೆದುಕೊಂಡು ಅಲ್ಲಿಂದಲೇ ದೋಣಿ ಹತ್ತಿದೆ, ತಿರುಗಿ ಈ ಕಡೆ ನೋಡಲೂ ಇಲ್ಲ. ನೀನು ಇಲ್ಲಿ ನಿಂತಿರುತ್ತಿದ್ದೆ, ಅಲ್ಲವೇ?

ರೀಪೆಕಾ